ಎಲ್ಲರ ಗಾಯಕ್ಕೂ ನಾನೇ ಮುಲಾಮು ಹಚ್ಚಬೇಕಾ?

ಪ್ರಶ್ನೆ

ನಿಮ್ಮ ಅಂಕಣಕ್ಕೆ ಬರುವ ಪತ್ರಗಳ ಮುಂದೆ ನನ್ನದು ಸಮಸ್ಯೆಯೇ ಅಲ್ಲ ಅನ್ನಿಸಿ ಎರಡು ಸಲ ಬರೆದು ಹರಿದುಹಾಕಿದೆ. ಇದು ಒಂದು ಆಟದ ವಿಷಯ.

ನನಗೆ 31 ವರ್ಷ. ಊರು ಹೊನ್ನಾವರದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ, ಸಾಫ್ಟ್‌ವೇರ್. ಒಂದೂವರೆ ವರ್ಷದಿಂದ ಹದಿನೈದು ದಿನಕ್ಕೊಮ್ಮೆ ಶನಿವಾರ ಸಂಜೆ ಸ್ನೇಹಿತರ ಮನೆಯಲ್ಲಿ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ನಾಲ್ಕು ಜನ ಆಟಗಾರರು, ಒಬ್ಬರು ಡಿಎಂ. ನಾನು ಸೇರಿದ್ದು ಎಲ್ಲರಿಗಿಂತ ಕೊನೆಗೆ. ಅಷ್ಟರಲ್ಲಿ ಫೈಟರ್, ರೋಗ್, ವಿಜಾರ್ಡ್ ಮೂರೂ ಆಗಿಹೋಗಿತ್ತು. "ಹೀಲರ್ ಇಲ್ಲ ಕಣೇ, ನೀನು ಕ್ಲೆರಿಕ್ ಆಗ್ತೀಯಾ?" ಅಂದರು. ಆಟದ ತಲೆಬುಡ ಗೊತ್ತಿರಲಿಲ್ಲ, ಹೂಂ ಅಂದೆ.

ಈಗ ಐದನೇ ಲೆವೆಲ್‌ನಲ್ಲಿದ್ದೇವೆ. ಪ್ರತಿ ಕಾಳಗದಲ್ಲೂ ನನ್ನ ಕೆಲಸ ಒಂದೇ. ಫೈಟರ್ ಬ್ರೋಕ್ ಎಲ್ಲರಿಗಿಂತ ಮುಂಚೆ ನುಗ್ಗಿ ಏಟು ತಿನ್ನುತ್ತಾನೆ, ನಾನು ಓಡಿಹೋಗಿ ಮುಟ್ಟಿ ವಾಸಿ ಮಾಡುತ್ತೇನೆ. ನೆರಳ ಎಂಬ ರೋಗ್ ಬಾಗಿಲನ್ನು ಪರೀಕ್ಷೆ ಮಾಡದೆ ತೆರೆದು ಬಾಣ ಚುಚ್ಚಿಸಿಕೊಳ್ಳುತ್ತಾನೆ, ನಾನು ವಾಸಿ ಮಾಡುತ್ತೇನೆ. ಹೋದ ಸಲ ಒಂದು ನೆಲಮಾಳಿಗೆಯಲ್ಲಿ ಹೆಣ ಎಬ್ಬಿಸುವ ಮಾಂತ್ರಿಕ ಸಿಕ್ಕ, ಅವನ ಕಾವಲಿಗೆ ಎರಡು ಒಗರ್ ರಾಕ್ಷಸರು. ಸ್ಪಿರಿಟ್ ಗಾರ್ಡಿಯನ್ಸ್ ಮಂತ್ರ ಹಾಕಬೇಕು ಅಂತ ನಾನು ತಿಂಗಳಿಂದ ಕಾದಿದ್ದೆ. ನನ್ನ ಸರದಿ ಬರುವ ಹೊತ್ತಿಗೆ ಬ್ರೋಕ್‌ಗೆ 44ರಲ್ಲಿ 20 ಜೀವದ ಪಾಯಿಂಟ್ ಉಳಿದಿತ್ತು. ಮೂರೂ ಜನ ನನ್ನ ಕಡೆ ತಿರುಗಿದರು. ಯಾರೂ ಏನೂ ಹೇಳಲಿಲ್ಲ. ನಾನು "ಕ್ಯೂರ್ ವೂಂಡ್ಸ್" ಅಂದೆ. ಮುಂದಿನ ಸುತ್ತಿನಲ್ಲಿ ನೆರಳ ಆ ಮಾಂತ್ರಿಕನನ್ನು ಕೊಂದ. ಎಲ್ಲರೂ ಮೇಜು ಕುಟ್ಟಿದರು. ಆ ರಾತ್ರಿ ನಾನು ಏಳು ಸಲ ವಾಸಿ ಮಾಡಿದ್ದೆ. ಹೊರಡುವಾಗ ವಿಜಾರ್ಡ್ ಆಲ್ಡ್ರಿಕ್ ಪಾತ್ರ ಆಡುವ ಗೆಳೆಯ, "ಎರಡನೇ ರೌಂಡಲ್ಲಿ ನಂಗೆ ಹೀಲ್ ಕೊಡಬಹುದಿತ್ತು, ಎಲ್ಲಿ ನೋಡ್ತಾ ಇದ್ದೆ?" ಅಂದ.

ಮನೆಗೆ ಬಂದು ಅಳು ಬಂತು. ಆಫೀಸಿನಲ್ಲಿ ಮೀಟಿಂಗ್ ನೋಟ್ಸ್ ಬರೆಯುವವಳು ನಾನು. ಯಾರದೇ ಹುಟ್ಟುಹಬ್ಬಕ್ಕೆ ದುಡ್ಡು ಎತ್ತಿ ಕೇಕ್ ತರುವವಳೂ ನಾನೇ. ಮನೆಯಲ್ಲಿ ಅಪ್ಪನ ಮಾತ್ರೆ, ತಮ್ಮನ ಅರ್ಜಿ ಎಲ್ಲ ನನ್ನ ಲೆಕ್ಕ. ರಾಕ್ಷಸರಿರುವ ಲೋಕಕ್ಕೆ ಹೋದರೂ ನನಗೆ ಇದೇ ಕೆಲಸವಾ ಅನ್ನಿಸಿತು.

ಒಂದೇ ಒಂದು ಸಲ ತುಂಬ ಖುಷಿಯಾಗಿತ್ತು. ಹಳೇ ಸ್ಮಶಾನವೊಂದರಲ್ಲಿ ಆರೇಳು ಅಸ್ಥಿಪಂಜರಗಳು ನಮ್ಮನ್ನು ಸುತ್ತುವರಿದಾಗ ನಾನು ದೇವರ ಚಿಹ್ನೆ ಎತ್ತಿ ಹಿಡಿದೆ. ಎಲ್ಲವೂ ನಿಂತಲ್ಲೇ ಪುಡಿಯಾದವು.

ಆಟ ಬಿಟ್ಟುಬಿಡಲಾ? ಬೇರೆ ಪಾತ್ರ ಕೇಳಲಾ? ಕೇಳಿದರೆ "ಮತ್ತೆ ಹೀಲ್ ಯಾರು ಮಾಡ್ತಾರೆ" ಅಂತಾರೆ. ಇಷ್ಟಕ್ಕೆ ಬೇಜಾರು ಮಾಡಿಕೊಳ್ಳುವುದು ನನ್ನ ಸಣ್ಣತನವಾ?

— ಹೆಸರು ಬೇಡ, ಬೆಂಗಳೂರು

ಉತ್ತರ

ಸಣ್ಣತನವಲ್ಲ. ಹದಿನೈದು ದಿನಕ್ಕೊಮ್ಮೆ ಅಂದರೆ ಒಂದೂವರೆ ವರ್ಷಕ್ಕೆ ಸುಮಾರು 39 ಸಂಜೆಗಳಾದವು. ಅಷ್ಟು ಸಂಜೆ ಒಂದೇ ಕುರ್ಚಿಯಲ್ಲಿ ಕೂತು ಒಂದೇ ಕೆಲಸ ಮಾಡಿದವರಿಗೆ ಬೇಜಾರಾದರೆ, ಅದು ಆಟದ ಬೇಜಾರೋ ನಿಜವಾದ ಬೇಜಾರೋ ಅಂತ ಸೋಸುತ್ತ ಕೂರಬೇಕಾಗಿಲ್ಲ.

ನಿಮ್ಮ ಅದೃಷ್ಟಕ್ಕೋ ದುರದೃಷ್ಟಕ್ಕೋ ನನಗೆ ಈ ಆಟ ಗೊತ್ತು. ಅಕ್ಕನ ಮಗ ಹೈಸ್ಕೂಲಿನಲ್ಲಿದ್ದಾಗ ಅವನ ಗುಂಪಿಗೆ ಒಬ್ಬರು ಕಮ್ಮಿ ಬಿದ್ದರು ಅಂತ ನನ್ನನ್ನು ಎಳೆದು ಕೂರಿಸಿದ. ಎರಡು ಬೇಸಿಗೆ ರಜೆ ಬಾರ್ಡ್ ಆಗಿ ಆಡಿದ್ದೇನೆ. ನನ್ನ ಪಾತ್ರವೂ ಹಾಡು ಹೇಳಿ ಬೇರೆಯವರಿಗೆ ಹುಮ್ಮಸ್ಸು ತುಂಬುವುದೇ ಆಗಿತ್ತು. ಹಾಗಾಗಿ ಮೂರು ಜೊತೆ ಕಣ್ಣು ಒಟ್ಟಿಗೆ ತಿರುಗಿ ನೋಡುವುದು ಹೇಗಿರುತ್ತದೆ ಅಂತ ಬಲ್ಲೆ.

ಆಟ ಗೊತ್ತಿಲ್ಲದ ಓದುಗರಿಗೆ ನಾಲ್ಕು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು 1974ರಲ್ಲಿ ಹೊರತಂದ ಆಟ ಇದು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಅವರು ಡಂಜನ್ ಮಾಸ್ಟರ್, ಎಲ್ಲರ ಬಾಯಲ್ಲಿ ಡಿಎಂ. ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಕತ್ತಿ ಬೀಸಿದ್ದು ತಾಗಿತೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ತಾಳಮದ್ದಲೆ ಕೇಳಿದವರಿಗೆ ಇದು ಬೇಗ ಹಿಡಿಯುತ್ತದೆ: ವೇಷವಿಲ್ಲ, ಕೂತಲ್ಲೇ ಮಾತಿನಿಂದ ಪಾತ್ರವಾಗುವುದು. ಪ್ರಸಂಗ ಮಾತ್ರ ಮೊದಲೇ ಬರೆದಿರುವುದಿಲ್ಲ. ಕೊನೆಯಲ್ಲಿ ಗೆದ್ದವರು ಸೋತವರು ಅಂತಲೂ ಇಲ್ಲ.

ಈಗ ನಿಮ್ಮ ಪತ್ರ. ಅದರಲ್ಲಿ ನನ್ನ ಕಣ್ಣು ನಿಂತದ್ದು ಸ್ಮಶಾನದ ಮೇಲೆ. 39 ಸಂಜೆಗಳಲ್ಲಿ ನೆನಪಿಟ್ಟುಕೊಂಡ ಖುಷಿ ಅದೊಂದು, ಮತ್ತು ಆ ಗಳಿಗೆಯಲ್ಲಿ ನೀವು ಯಾರ ಗಾಯವನ್ನೂ ಮುಟ್ಟುತ್ತಿರಲಿಲ್ಲ. ಆದರೂ ಆಗ ನೀವು ಕ್ಲೆರಿಕ್ ಹೌದೇ ಹೌದು. ಈ ಪಾತ್ರ ಹುಟ್ಟಿದ್ದೇ ಸತ್ತೂ ನಡೆದಾಡುವವರನ್ನು ಎದುರಿಸುವ ಕೆಲಸಕ್ಕೆ. ಪುಸ್ತಕ ಅಚ್ಚಾಗುವ ಮೊದಲು ಆರ್ನೆಸನ್ ಮಿನ್ನೆಸೋಟಾದಲ್ಲಿ ಗೆಳೆಯರನ್ನು ಕೂರಿಸಿಕೊಂಡು ಬ್ಲ್ಯಾಕ್‌ಮೂರ್ ಎಂಬ ಕಲ್ಪಿತ ಲೋಕದಲ್ಲಿ ಆಟ ನಡೆಸುತ್ತಿದ್ದರು. ಒಬ್ಬ ಆಟಗಾರನ ಪಾತ್ರ ರಕ್ತಪಿಶಾಚಿಯಾಗಿ, ಸರ್ ಫ್ಯಾಂಗ್ ಅನ್ನಿಸಿಕೊಂಡು, ಯಾರ ಕೈಗೂ ಸಿಗದಷ್ಟು ಬೆಳೆದುಬಿಟ್ಟಿತು. ಅವನಿಗೊಂದು ಗತಿ ಕಾಣಿಸಲು ಡ್ರಾಕುಲಾ ಸಿನಿಮಾಗಳ ಪಿಶಾಚಿ ಬೇಟೆಗಾರರ ಮಾದರಿಯಲ್ಲಿ ಒಬ್ಬ ಪಾದ್ರಿಯನ್ನು ತಂದರು. ಅವನೇ ಕ್ಲೆರಿಕ್. 1974ರ ಪುಸ್ತಕದಲ್ಲಿ ಮೊದಲ ಲೆವೆಲ್‌ನ ಕ್ಲೆರಿಕ್‌ಗೆ ಒಂದು ಮಂತ್ರವೂ ಇಲ್ಲ. ಗಾಯ ವಾಸಿಮಾಡುವುದು ಎರಡನೇ ಲೆವೆಲ್ ತಲುಪಿದ ಮೇಲಿನ ಮಾತು. ಮೊದಲ ದಿನದಿಂದ ಬರುತ್ತಿದ್ದದ್ದು ಗದೆ ಬೀಸುವುದು ಮತ್ತು ಸತ್ತೂ ನಡೆದಾಡುವವರನ್ನು ಓಡಿಸುವುದು. ನೀವು ಸ್ಮಶಾನದಲ್ಲಿ ಮಾಡಿದ್ದು ಎರಡನೆಯದನ್ನು.

ಆಮೇಲೆ ಬಂದ ಆವೃತ್ತಿಗಳಲ್ಲಿ ವಾಸಿ ಮಾಡುವುದೇ ಮುಂದಕ್ಕೆ ಬಂತು. 2000ರ ಮೂರನೇ ಆವೃತ್ತಿ ಒಂದು ಅನುಕೂಲ ಕೊಟ್ಟಿತು: ಒಳ್ಳೆಯ ದೇವರ ಕ್ಲೆರಿಕ್ ಬೆಳಿಗ್ಗೆ ಯಾವ ಮಂತ್ರ ಸಿದ್ಧಮಾಡಿಕೊಂಡಿದ್ದರೂ, ಬೇಕಾದಾಗ ಅದನ್ನು ಬಿಟ್ಟುಕೊಟ್ಟು ಗಾಯ ವಾಸಿಮಾಡುವ ಮಂತ್ರ ಹಾಕಬಹುದು. ಬರೀ ಮುಲಾಮು ತುಂಬಿಕೊಂಡು ಹೊರಡುವ ಕರ್ಮ ತಪ್ಪಲಿ ಅಂತ ಅದನ್ನು ಕೊಟ್ಟದ್ದು. ನನ್ನ ಪ್ರಕಾರ ಅದು ಎರಡಲಗಿನ ಕತ್ತಿಯಾಯಿತು, ಏಕೆಂದರೆ "ನನ್ನ ಹತ್ತಿರ ಇಲ್ಲ" ಅನ್ನುವ ದಾರಿಯೂ ಮುಚ್ಚಿತು. 2008ರ ನಾಲ್ಕನೇ ಆವೃತ್ತಿ ಎಲ್ಲ ಪಾತ್ರವರ್ಗಗಳನ್ನೂ ನಾಲ್ಕು ಹೊಣೆಗಳಲ್ಲಿ ಹಂಚಿತು. ಕ್ಲೆರಿಕ್‌ಗೆ ಸಿಕ್ಕ ಹೊಣೆಯ ಹೆಸರೇನು ಗೊತ್ತೇ? ಲೀಡರ್. ಪುಸ್ತಕ ಬರೆದವರು ನಾಯಕಿ ಅಂದರು, ಮೇಜಿನ ಸುತ್ತ ಕೂತವರು ನರ್ಸಮ್ಮ ಅಂದುಕೊಂಡರು.

ಊರು ಹೊನ್ನಾವರದ ಹತ್ತಿರ ಅಂತ ಬರೆದಿದ್ದೀರಿ, ಹಾಗಾಗಿ ಒಂದು ಮಾತು ಬಿಡಿಸಿ ಹೇಳಬೇಕಾಗಿಲ್ಲ. ಯಕ್ಷಗಾನದಲ್ಲಿ ಭಾಗವತರು ಕೂರುವುದು ಹಿಂದೆ. ಕಿರೀಟವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಆದರೆ ಅವರನ್ನು ಮೊದಲನೇ ವೇಷಧಾರಿ ಅನ್ನುತ್ತಾರೆ. ಯಾವ ಪದ ಎತ್ತಬೇಕು, ಯಾವುದನ್ನು ಬಿಡಬೇಕು, ಕುಣಿಯುವವನಿಗೆ ಎಷ್ಟು ಹೊತ್ತು ಕೊಡಬೇಕು ಎಲ್ಲ ಅವರ ಜಾಗಟೆಯಲ್ಲಿದೆ. ವೇಷಧಾರಿ ಕಣ್ಣುಬಿಟ್ಟ ಅಂತ ಭಾಗವತರು ಅವನು ಕೇಳಿದ ಪದವನ್ನೇ ಹಾಡುತ್ತ ಕೂತರೆ ಆಟ ಬೆಳಗಿನ ಜಾವದ ಮೊದಲೇ ಕೆಡುತ್ತದೆ. ನೀವು ಹಿಮ್ಮೇಳದಲ್ಲಿ ಕೂತಿದ್ದೀರಿ, ಸರಿ. ಜಾಗಟೆಯನ್ನು ಮಾತ್ರ ಬ್ರೋಕ್ ಕೈಗೆ ಕೊಟ್ಟುಬಿಟ್ಟಿದ್ದೀರಿ.

ನೆಲಮಾಳಿಗೆಗೆ ಹೋಗೋಣ. ಒಗರ್ ದೊಣ್ಣೆಯ ಒಂದು ಏಟಿಗೆ ಸರಾಸರಿ 13 ಪಾಯಿಂಟ್. 2014ರ ಪುಸ್ತಕದಲ್ಲಿ ನಿಮ್ಮ ಸಾಮಾನ್ಯ ಕ್ಯೂರ್ ವೂಂಡ್ಸ್‌ಗೆ ಎಂಟು ಮುಖದ ಒಂದು ದಾಳ, ಅದರ ಮೇಲೆ ನಾಲ್ಕು ಅಂತಿಟ್ಟುಕೊಂಡರೆ ಸರಾಸರಿ ಎಂಟೂವರೆ. ನೀವು ಒಂದಿಡೀ ಸರದಿ ಕೊಟ್ಟು ತುಂಬಿದ್ದನ್ನು ಒಗರ್ ಒಂದೇ ಏಟಿನಲ್ಲಿ ಚೆಲ್ಲುತ್ತದೆ, ಮೇಲೆ ನಾಲ್ಕೂವರೆ ಬಡ್ಡಿಯನ್ನೂ ವಸೂಲು ಮಾಡುತ್ತದೆ. (2024ರ ಹೊಸ ಪುಸ್ತಕ ಹಿಡಿದು ಆಡುತ್ತಿದ್ದರೆ ದಾಳ ಎರಡಾಗಿವೆ, ಆಗ ಏಟಿಗೂ ಮುಲಾಮಿಗೂ ಸರಿಸಮ.) ಇನ್ನೊಂದು ಮಾತು: ಬ್ರೋಕ್‌ಗೆ 44 ಪಾಯಿಂಟ್ ಇದ್ದಾಗ ಅವನ ಕತ್ತಿ ಎಷ್ಟು ಹರಿತವೋ 20 ಇದ್ದಾಗಲೂ ಅಷ್ಟೇ, ಒಂದೇ ಒಂದು ಉಳಿದಾಗಲೂ ಅಷ್ಟೇ. ಈ ಆಟದಲ್ಲಿ ಗಾಯ ಕೈ ಸೋಲಿಸುವುದಿಲ್ಲ. ಸೊನ್ನೆ ಮುಟ್ಟಿದಾಗ ಬೀಳುತ್ತಾನೆ, ಅಲ್ಲಿಯವರೆಗೆ ಅವನು ಪೂರಾ ಬ್ರೋಕ್. 20 ಉಳಿಸಿಕೊಂಡು ನಿಂತವನಿಗೆ ಆ ಹೊತ್ತಿನಲ್ಲಿ ನಿಮ್ಮ ಅಗತ್ಯವಿರಲಿಲ್ಲ.

ಅದೇ ಸರದಿಯಲ್ಲಿ ಸ್ಪಿರಿಟ್ ಗಾರ್ಡಿಯನ್ಸ್ ಹಾಕಿ ಮುಂದೆ ನುಗ್ಗಿದ್ದರೆ, ನಿಮ್ಮ ಸುತ್ತ ಹದಿನೈದು ಅಡಿಯೊಳಗೆ ಬಂದ ಪ್ರತಿ ಶತ್ರುವಿಗೂ ಎಂಟು ಮುಖದ ಮೂರು ದಾಳದ ಪೆಟ್ಟು, ತಪ್ಪಿಸಿಕೊಂಡರೂ ಅರ್ಧ. ಅವರ ನಡಿಗೆಯ ವೇಗವೂ ಅರ್ಧಕ್ಕಿಳಿಯುತ್ತದೆ. ಬ್ರೋಕ್ ಆಮೇಲೆ ಬಿದ್ದೇ ಬಿದ್ದ ಅನ್ನಿ, ಆಗ ಹೀಲಿಂಗ್ ವರ್ಡ್ ಇದೆ. ಅರವತ್ತು ಅಡಿ ದೂರದಿಂದ ಒಂದು ಮಾತು, ಬೋನಸ್ ಆಕ್ಷನ್, ಓಡಿಹೋಗಿ ಮುಟ್ಟುವ ಗೊಡವೆಯಿಲ್ಲ. ಅವನು ಎದ್ದು ಕೂರುತ್ತಾನೆ, ನಿಮಗೆ ಅದೇ ಸರದಿಯಲ್ಲಿ ಗದೆ ಬೀಸಲು ಕೈ ಖಾಲಿ ಇರುತ್ತದೆ. ಬಿದ್ದವರನ್ನು ಎಬ್ಬಿಸುವುದು ನಿಮ್ಮ ಕೆಲಸ. ನಿಂತವರ ಅಂಗಿಯ ಧೂಳು ಒರೆಸುವುದು ಅಲ್ಲ.

ಈ ಆಟದಲ್ಲಿ ನೆರವಿನ ಪಾತ್ರಗಳ ಕಷ್ಟ ಒಂದಿದೆ, ಅವರು ಮಾಡಿದ್ದು ಕಾಣುವುದಿಲ್ಲ. ಬ್ಲೆಸ್ ಮಂತ್ರವನ್ನೇ ತೆಗೆದುಕೊಳ್ಳಿ. ಮೂವರಿಗೆ, ಒಂದು ನಿಮಿಷ, ಪ್ರತಿ ಏಟಿನ ದಾಳಕ್ಕೂ ನಾಲ್ಕು ಮುಖದ ಒಂದು ದಾಳ ಸೇರುತ್ತದೆ. ಸರಾಸರಿ ಎರಡೂವರೆ. ಇಪ್ಪತ್ತು ಮುಖದ ದಾಳದ ಮೇಲೆ ಎರಡೂವರೆ ಅಂದರೆ ನೂರಕ್ಕೆ ಹನ್ನೆರಡೂವರೆ. ನಿಮ್ಮ ಫೈಟರ್ ಐದನೇ ಲೆವೆಲ್‌ನಲ್ಲಿ ಸರದಿಗೆ ಎರಡು ಏಟು ಹಾಕುತ್ತಾನೆ, ರೋಗ್ ಒಂದು, ವಿಜಾರ್ಡ್ ಬೆಂಕಿಯ ಬಾಣ ಒಂದು ಬಿಡುತ್ತಾನೆ ಅನ್ನಿ. ನಾಲ್ಕು ಸುತ್ತಿನ ಕಾಳಗಕ್ಕೆ ಹದಿನಾರು ಏಟು. ಅದರಲ್ಲಿ ಎರಡು, ನೀವಿಲ್ಲದಿದ್ದರೆ ಗಾಳಿಗೆ ಹೋಗುತ್ತಿದ್ದವು. ಅವು ನಿಮ್ಮವು. ಆದರೆ ಆ ಎರಡು ಯಾವುವು ಅಂತ ಯಾರಿಗೂ ತಿಳಿಯುವುದಿಲ್ಲ, ನಿಮಗೂ ತಿಳಿಯುವುದಿಲ್ಲ.

ಅದಕ್ಕೊಂದು ಉಪಾಯ ಇದೆ. ನಾಲ್ಕು ಮುಖದ ದಾಳ ಮೂರು ಕೊಳ್ಳಿ, ಕಡುನೀಲಿಯದು, ಬೇರೆ ಯಾರ ಹತ್ತಿರವೂ ಇಲ್ಲದ ಬಣ್ಣ. ಪುಟ್ಟ ಗೋಪುರದ ಹಾಗಿರುತ್ತದೆ, ಬರಿಗಾಲಲ್ಲಿ ತುಳಿದವರಿಗೆ ಅದರ ಮಹಿಮೆ ಗೊತ್ತು. ಬ್ಲೆಸ್ ಹಾಕಿದೆ ಅಂದಾಗ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ಎದ್ದು ಒಬ್ಬೊಬ್ಬರ ಅಂಗೈಯಲ್ಲಿ ಒಂದೊಂದು ನೀಲಿ ದಾಳ ಇಡಿ. ಆಮೇಲೆ ಬ್ರೋಕ್ ಎಸೆಯುತ್ತಾನೆ. ಒಟ್ಟು 13 ಬಂತು, ಎದುರಾಳಿಯ ಕವಚ 15. ಎಲ್ಲರೂ "ಛೆ" ಅನ್ನುವಷ್ಟರಲ್ಲಿ ನೀಲಿ ದಾಳ ಉರುಳಿ ಎರಡಕ್ಕೆ ನಿಲ್ಲುತ್ತದೆ. ತಾಗಿತು. ಆಗ ನಗುತ್ತಲೇ ಹೇಳಿ: "ಆ ಎರಡು ನಂದು." ಅಕ್ಕನ ಮಗನ ಮೇಜಿನಲ್ಲಿ ಬಾರ್ಡ್ ಕೊಡುವ ಹುಮ್ಮಸ್ಸಿನ ದಾಳಕ್ಕೆ ನಾನು ಹೀಗೇ ಮಾಡುತ್ತಿದ್ದೆ, ಹಳದಿ ದಾಳ. ಎರಡನೇ ವಾರಕ್ಕೆ ಹುಡುಗರು "ಚಿಕ್ಕಮ್ಮ, ಹಳದಿ, ಹಳದಿ" ಅಂತ ಕೈಚಾಚುತ್ತಿದ್ದರು. ಬ್ಲೆಸ್‌ಗೂ ಸ್ಪಿರಿಟ್ ಗಾರ್ಡಿಯನ್ಸ್‌ಗೂ ಏಕಾಗ್ರತೆ ಬೇಕು, ಎರಡನ್ನೂ ಒಟ್ಟಿಗೆ ಹಿಡಿದಿಡಲು ಆಗುವುದಿಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ. ಯಾವುದು ಯಾವಾಗ ಎನ್ನುವ ತೀರ್ಮಾನವೇ ನಿಮ್ಮ ಜಾಗಟೆ.

ನೆರವಿನ ಪಾತ್ರ ಎಷ್ಟು ದೂರ ಹೋಗಬಲ್ಲದು ಅಂತ ನೋಡಬೇಕಿದ್ದರೆ ಕ್ರಿಟಿಕಲ್ ರೋಲ್‌ನ ಎರಡನೇ ಕಥಾಸರಣಿಯ ಮಾಟಗಾತಿಯ ಪ್ರಸಂಗ ನೋಡಿ. ಅಮೆರಿಕದ ಕಂಠದಾನ ಕಲಾವಿದರು 2015ರಿಂದ ತಮ್ಮ ಆಟವನ್ನು ಪ್ರಸಾರ ಮಾಡುತ್ತಾ ಬಂದ ಕಾರ್ಯಕ್ರಮ ಅದು. ಅದರಲ್ಲಿ ಲಾರಾ ಬೇಲಿ ಆಡುವ ಜೆಸ್ಟರ್ ಒಬ್ಬ ಕ್ಲೆರಿಕ್. ಗೆಳತಿಯೊಬ್ಬಳ ಶಾಪ ಬಿಡಿಸಬೇಕು. ಶಾಪ ಕೊಟ್ಟ ಮಾಟಗಾತಿಯೋ ಬೆಲೆಯಾಗಿ ದುಃಖವನ್ನು ಕೇಳುವವಳು. ಒಬ್ಬೊಬ್ಬರೂ ಒಳಗೆ ಹೋಗಿ ತಮ್ಮ ತಮ್ಮ ಸಂಕಟ ಒತ್ತೆಯಿಡಲು ನೋಡಿದರು, ಬೆಲೆ ಯಾರಿಗೂ ಕುದುರಲಿಲ್ಲ. ಜೆಸ್ಟರ್ ಹೋಗಿ ಹರಟೆ ಹೊಡೆದು, ಒಂದು ಕಪ್‌ಕೇಕ್ ಕೊಟ್ಟಳು. ಅದಕ್ಕೆ ತಿಂದವರ ಮನಸ್ಸನ್ನು ಸಡಿಲ ಮಾಡುವ ಪುಡಿ ಉದುರಿಸಿದ್ದಳು. ಮಾಟಗಾತಿ ತಿಂದಳು. ಜೆಸ್ಟರ್ ನೆನಪು ತಿದ್ದುವ ಮಂತ್ರ ಹಾಕಿದಳು. ಈ ಹುಡುಗಿಯ ಒಡನಾಟಕ್ಕೆ ಖುಷಿಪಟ್ಟು ಶಾಪ ತಾನೇ ತೆಗೆದೆ ಅಂತ ಮಾಟಗಾತಿ ನಂಬಿದಳು. ಒಂದು ಹನಿ ರಕ್ತ ಬೀಳಲಿಲ್ಲ, ಮೇಜಿನ ಸುತ್ತ ಕೂತವರಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಇದೂ ಕ್ಲೆರಿಕ್ ಕೆಲಸವೇ. ನಿಮ್ಮ ಮಂತ್ರಗಳ ಹಾಳೆಯನ್ನು ಇನ್ನೊಮ್ಮೆ ನೋಡಿ, "ಗಾಯ" ಅನ್ನುವ ಪದವಿಲ್ಲದ ಸಾಲುಗಳಿಗೆ ಗೆರೆ ಎಳೆಯಿರಿ. ಅರ್ಧಕ್ಕಿಂತ ಹೆಚ್ಚು ಹಾಳೆ ಗೆರೆಯಾಗುತ್ತದೆ.

"ಮತ್ತೆ ಹೀಲ್ ಯಾರು ಮಾಡ್ತಾರೆ" ಅನ್ನುವ ಪ್ರಶ್ನೆಗೆ ಉತ್ತರ ಅಂಗಡಿಯಲ್ಲಿದೆ. ವಾಸಿಮಾಡುವ ಕಷಾಯದ ಬಾಟಲಿಗೆ 50 ಚಿನ್ನದ ನಾಣ್ಯ, ಸರಾಸರಿ 7 ಪಾಯಿಂಟ್ ತುಂಬುತ್ತದೆ, ಯಾರು ಬೇಕಾದರೂ ಕುಡಿಯಬಹುದು, ಬಿದ್ದವರ ಬಾಯಿಗೂ ಹಾಕಬಹುದು. ಹೀಲರ್ಸ್ ಕಿಟ್‌ಗೆ ಬರೀ 5 ನಾಣ್ಯ, ಹತ್ತು ಸಲ ಬರುತ್ತದೆ, ದಾಳವನ್ನೇ ಹಾಕದೆ ಸಾಯುತ್ತಿರುವವನ ಪ್ರಾಣ ಹಿಡಿದು ನಿಲ್ಲಿಸುತ್ತದೆ. ಅದಕ್ಕೆ ಕ್ಲೆರಿಕ್ ಆಗಿರಬೇಕಿಲ್ಲ, ಕೈ ಇದ್ದರೆ ಸಾಕು. ಒಂದು ಗಂಟೆ ವಿಶ್ರಾಂತಿ ತೆಗೆದುಕೊಂಡರೆ ಪ್ರತಿಯೊಬ್ಬರೂ ತಮ್ಮ ಹಿಟ್ ಡೈಸ್ ಎಂಬ ಚೇತರಿಕೆಯ ದಾಳ ಉರುಳಿಸಿ ತಾವೇ ಚೇತರಿಸಿಕೊಳ್ಳುತ್ತಾರೆ. ಅದೇ ಕ್ರಿಟಿಕಲ್ ರೋಲ್‌ನ ಮೊದಲ ಸರಣಿಯಲ್ಲಿ ಕ್ಲೆರಿಕ್ ಆಡುತ್ತಿದ್ದ ಆಶ್ಲಿ ಜಾನ್ಸನ್ ಟಿವಿ ಧಾರಾವಾಹಿಯ ಚಿತ್ರೀಕರಣಕ್ಕಾಗಿ ಎಷ್ಟೋ ವಾರ ಬರುತ್ತಲೇ ಇರಲಿಲ್ಲ. ಕಥೆ ನಿಲ್ಲಲಿಲ್ಲ. ಕುಡಿದ ಲೋಟವನ್ನು ಅವರವರೇ ತೊಳೆದಿಡುವ ಮನೆಗಳು ನಡೆಯುವುದಿಲ್ಲವೇ, ಹಾಗೆ.

ಮಾತಾಡುವುದು ಹೇಗೆ? ಕಾಳಗದ ನಡುವೆ ಬೇಡ, ರಾತ್ರಿ ಹನ್ನೆರಡಕ್ಕೆ ವಾಟ್ಸ್ಆ್ಯಪ್ ಗುಂಪಿನಲ್ಲಂತೂ ಬೇಡವೇ ಬೇಡ. ಮೊದಲು ಡಿಎಂ ಹತ್ತಿರ ಒಬ್ಬರೇ ಮಾತಾಡಿ. ಆಟ ನಡೆಸುವವರಿಗೆ ಇಂಥದ್ದು ಬೇಕಾಗಿಯೇ ಇರುತ್ತದೆ, ಎಷ್ಟೋ ಸಲ ಅವರಿಗೆ ಕಂಡಿರುವುದಿಲ್ಲ. ಆಮೇಲೆ ಮುಂದಿನ ಶನಿವಾರ ಚಹಾ ಕುಡಿಯುವಾಗ, ದಾಳಗಳು ಚೀಲದಿಂದ ಹೊರಬರುವ ಮೊದಲು, ಒಂದೇ ಉಸಿರಿನಲ್ಲಿ ಹೇಳಿಬಿಡಿ: "ಇವತ್ತಿಂದ ಬಿದ್ದೋರನ್ನ ಎಬ್ಬಿಸ್ತೀನಿ. ನಿಂತಿರೋರು ಅವರವರ ಬಾಟಲಿ ಕುಡೀಲಿ. ನಂಗೂ ಒಂದಿಷ್ಟು ಮಂತ್ರ ಹಾಕಿ ನೋಡ್ಬೇಕು." ಕಾರಣ ಕೊಡಬೇಡಿ, ಕ್ಷಮೆ ಕೇಳಬೇಡಿ, ಒಂದೂವರೆ ವರ್ಷದ ಲೆಕ್ಕ ಬಿಚ್ಚಬೇಡಿ. ಆಲ್ಡ್ರಿಕ್ ಆಡುವ ಗೆಳೆಯ ಇನ್ನೊಮ್ಮೆ "ಎಲ್ಲಿ ನೋಡ್ತಾ ಇದ್ದೆ" ಅಂದರೆ, "ಮಾಂತ್ರಿಕನ್ನ" ಅನ್ನಿ. ಸಾಕು.

ಒಂದು ಮಾತ್ರ ಮಾಡಬೇಡಿ, ಸೇಡು. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಒಂದು ಮಧ್ಯಾಹ್ನ ಅಕ್ಕನ ಮಗ ನನ್ನ ಬಾರ್ಡ್ ಹಾಡನ್ನು ಎಲ್ಲರೆದುರು ಆಡಿಕೊಂಡು ನಕ್ಕ. ಅವನ ಪ್ಯಾಲಡಿನ್ ಪಾತ್ರ ಮುಂದಿನ ಕಾಳಗದಲ್ಲಿ ಬಿತ್ತು. ನನ್ನ ಹತ್ತಿರ ಹೀಲಿಂಗ್ ವರ್ಡ್ ಇತ್ತು. "ಇರು, ಸ್ವಲ್ಪ ಬುದ್ಧಿ ಬರಲಿ" ಅಂತ ನಾನು ಬೇರೇನೋ ಮಂತ್ರ ಹಾಕಿದೆ. ಅವನು ಸಾವಿನ ದಾಳ ಎಸೆದ. ತಪ್ಪಿತು. ಎರಡನೆಯದೂ ತಪ್ಪಿತು. ಆಗಲೂ ನನಗೆ ಒಂದು ಸರದಿ ಇತ್ತು, ನೋಡೋಣ ಅಂದುಕೊಂಡೆ. ಮೂರನೆಯದೂ ತಪ್ಪಿತು. ಸತ್ತವರನ್ನು ಒಂದು ನಿಮಿಷದೊಳಗೆ ಬದುಕಿಸುವ ಮಂತ್ರ ಬಲ್ಲವರೂ ಇರಲಿಲ್ಲ, ಅದಕ್ಕೆ ಬೇಕಾದ 300 ನಾಣ್ಯದ ವಜ್ರವೂ ಇರಲಿಲ್ಲ. ಹದಿನಾಲ್ಕು ವರ್ಷದ ಹುಡುಗ, ಆ ಪಾತ್ರದ ಚಿತ್ರ ಬಿಡಿಸಿ ಗೋಡೆಗೆ ಅಂಟಿಸಿಕೊಂಡಿದ್ದ. ಅವತ್ತು ರಾತ್ರಿ ನೀರುದೋಸೆ ಮುಟ್ಟಲಿಲ್ಲ. ನಾನು ಎಂಥ ಚಿಕ್ಕಮ್ಮ ಅಂತ ಅಕ್ಕ ಈಗಲೂ ಕೇಳುತ್ತಾಳೆ. ಬೇಡ ಅನ್ನುವುದಿದ್ದರೆ ಮೊದಲೇ ಬಾಯಿಬಿಟ್ಟು ಅನ್ನಬೇಕು, ಬಿದ್ದವರ ತಲೆಯ ಮೇಲೆ ನಿಂತು ಅಲ್ಲ.

ಇನ್ನು ಆಫೀಸು, ಮನೆ. ಮೀಟಿಂಗ್ ನೋಟ್ಸ್, ಕೇಕು, ಮಾತ್ರೆ, ಅರ್ಜಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಬರೆದಿದ್ದೀರಿ. ಅವು ಒಂದೇ ಅಲ್ಲ. ಅಪ್ಪನ ಮಾತ್ರೆ ನೀವು ಪ್ರೀತಿಯಿಂದ ಹೊತ್ತದ್ದು ಅಂದುಕೊಳ್ಳುತ್ತೇನೆ. ಕೇಕು ಹಾಗೇ ನಿಮ್ಮ ತಲೆಗೆ ಬಂದದ್ದು. ತಮ್ಮನ ಅರ್ಜಿಯನ್ನು ತಮ್ಮ ಬರೆಯಬಲ್ಲ. ಒಂದು ಸಾಲು ನಿಮಗೆ ಕಹಿಯಾಗಬಹುದು, ಆದರೂ ಹೇಳುತ್ತೇನೆ. "ಮೂರೂ ಜನ ನನ್ನ ಕಡೆ ತಿರುಗಿದರು, ಯಾರೂ ಏನೂ ಹೇಳಲಿಲ್ಲ, ನಾನು ಕ್ಯೂರ್ ವೂಂಡ್ಸ್ ಅಂದೆ" ಅಂತ ನೀವೇ ಬರೆದಿದ್ದೀರಿ. ಅವರು ಕೇಳುವ ಮೊದಲೇ ನಿಮಗೆ ಕೇಳಿಸಿಬಿಟ್ಟಿದೆ. ಹೆಣ್ಣುಮಕ್ಕಳ ಕಿವಿಯನ್ನು ನಾವು ಹಾಗೆ ಬೆಳೆಸುತ್ತೇವೆ: ಪಂಕ್ತಿಯ ಆ ತುದಿಯಲ್ಲಿ ಯಾರದೋ ಎಲೆಯಲ್ಲಿ ಸಾರು ಮುಗಿದದ್ದು ಈ ತುದಿಯಿಂದಲೇ ಗೊತ್ತಾಗಬೇಕು. ಅದು ಒಳ್ಳೆಯ ಕಿವಿ, ಕಳೆದುಕೊಳ್ಳಬೇಡಿ. ಆದರೆ ಕೇಳಿಸಿದ್ದಕ್ಕೆಲ್ಲ ಏಳಲೇಬೇಕೆಂದಿಲ್ಲ. ಮುಂದಿನ ಸಲ ಮೂವರು ತಿರುಗಿ ನೋಡಿದಾಗ ಮನಸ್ಸಿನಲ್ಲಿ ಹತ್ತು ಎಣಿಸಿ. ಯಾರಾದರೂ ಬಾಯಿಬಿಟ್ಟು ಕೇಳಲಿ. ಕೇಳಿದ ಮೇಲೆ ಹೂಂ ಅನ್ನುವುದೋ ಊಹೂಂ ಅನ್ನುವುದೋ ನಿಮಗೆ ಬಿಟ್ಟದ್ದು. ಈ ಅಭ್ಯಾಸಕ್ಕೆ ಶನಿವಾರದ ಮೇಜಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಎಡವಟ್ಟಾದರೂ ಸಾಯುವುದು ಕಾಗದದ ಮೇಲಿನ ಒಬ್ಬ. ಆಫೀಸಿನ ಕೇಕನ್ನು ಆಮೇಲೆ ನೋಡಿಕೊಳ್ಳೋಣ.

ಪಾತ್ರ ಬದಲಿಸಲಾ ಅಂತ ಕೇಳಿದ್ದೀರಿ. ಖಂಡಿತ ಬದಲಿಸಬಹುದು, ಆದರೆ ಈಗಲೇ ಬೇಡ. ಈಗ ಬದಲಿಸಿದರೆ ಬಾಣ ಬಿಡುವ ಬೇಟೆಗಾರ್ತಿಯಾಗಿಯೂ ನೀವು ಎಲ್ಲರ ಬಾಟಲಿ ಹೊರುತ್ತೀರಿ ಅಂತ ನನ್ನ ಅನುಮಾನ. ನಾಲ್ಕು ಶನಿವಾರ ಮೇಲೆ ಹೇಳಿದ ಹಾಗೆ ಆಡಿ ನೋಡಿ. ಅಷ್ಟಾದರೂ ಖುಷಿ ಬರದಿದ್ದರೆ ನಿಮಗೆ ಈ ಪಾತ್ರ ಒಗ್ಗುವುದಿಲ್ಲ, ಧೈರ್ಯವಾಗಿ ಹೊಸ ಹಾಳೆ ಕೇಳಿ. ನಮ್ಮ ರಾಹುಲ್ ದ್ರಾವಿಡ್ 2003ರ ವಿಶ್ವಕಪ್‌ನಲ್ಲಿ ತಂಡಕ್ಕೆ ಒಬ್ಬ ಹೆಚ್ಚುವರಿ ಬ್ಯಾಟ್ಸ್‌ಮನ್ ಸಿಗಲಿ ಅಂತ ಕೀಪಿಂಗ್ ಗ್ಲೌಸ್ ತೊಟ್ಟರು. ಅವರ ದೊಡ್ಡತನವನ್ನು ಎಲ್ಲರೂ ಹೊಗಳುತ್ತಾರೆ. ಖಾಯಂ ಕೀಪರ್ ಸಿಕ್ಕ ಮೇಲೆ ಆ ಗ್ಲೌಸ್ ಕಳಚಿದರು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಗ್ಲೌಸ್ ತೊಟ್ಟಷ್ಟು ದಿನವೂ ಅವರ ಬ್ಯಾಟನ್ನು ಯಾರೂ ಕಿತ್ತುಕೊಂಡಿರಲಿಲ್ಲ. ಆಟ ಬಿಡುವುದಂತೂ ಬೇಡ. ಒಂದೂವರೆ ವರ್ಷ ತಪ್ಪದೆ ಹೋದವರಿಗೆ ಅಲ್ಲಿ ಏನೋ ಇದೆ.

ಕೊನೆಗೊಂದು. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಫೈಟರ್ ಬ್ರೋಕ್, ರೋಗ್ ನೆರಳ, ವಿಜಾರ್ಡ್ ಆಲ್ಡ್ರಿಕ್. ಕ್ಲೆರಿಕ್ ಹೆಸರು ಎಲ್ಲೂ ಇಲ್ಲ. ನಿಮ್ಮ ಹೆಸರು ಬೇಡ ಅಂದಿದ್ದೀರಿ, ಒಪ್ಪಿದೆ. ಅವಳ ಹೆಸರು ಬೇಕಲ್ಲ? ಇದ್ದರೆ ಮುಂದಿನ ಶನಿವಾರದಿಂದ ಆ ಹೆಸರಿನಲ್ಲೇ ಕರೆಯಲು ಹೇಳಿ, "ಹೀಲರ್" ಅಂದವರ ಕಡೆ ತಿರುಗಲೇಬೇಡಿ. ಇಟ್ಟೇ ಇಲ್ಲ ಅಂದರೆ ಈ ವಾರ ಕೂತು ಇಡಿ. ಅವಳು ಎತ್ತಿ ಹಿಡಿದ ಚಿಹ್ನೆ ಯಾವ ದೇವರದು, ಆ ದೇವರಿಗೆ ಅವಳು ಏಕೆ ಒಲಿದಳು ಅಂತ ನಾಲ್ಕು ಸಾಲು ಬರೆದು ಡಿಎಂ ಕೈಗೆ ಕೊಡಿ. ಹೆಸರೇನಿಟ್ಟಿರಿ ಅಂತ ನನಗೂ ಒಂದು ಕಾರ್ಡು ಹಾಕಿ.